ನಾಲ್ಕು ತುಂಬಿದ ಮಗು ಶಾಲೆಗೆ ತಯಾರಾ?

ಎರಡು ಮಕ್ಕಳ ಅಮ್ಮ: ಚಿಕ್ಕವಳಿಗೆ ಈಗ 4 ತುಂಬಿತು. ಅಕ್ಷರ ಗುರುತಿಸುತ್ತಾಳೆ, 50ರವರೆಗೆ ಎಣಿಸುತ್ತಾಳೆ. ಇನ್ನೊಂದು ವರ್ಷ ಸುಮ್ನೆ ಯಾಕೆ ಕಾಯಬೇಕು? ಈ ವರ್ಷವೇ ಸೇರಿಸುತ್ತೇನೆ.

ಒಂದನೇ ಕ್ಲಾಸ್ ಟೀಚರ್: ಅಕ್ಷರ ಬಂದರೆ ಸಾಕಾ? ನನ್ನ ಕ್ಲಾಸಲ್ಲಿ ಮಗ್ಗಿ ಗಡಗಡ ಹೇಳುವ ಹುಡುಗ ಇದ್ದ. ಚಡ್ಡಿ ಗುಂಡಿ ಬಿಚ್ಚಲು ಬರುತ್ತಿರಲಿಲ್ಲ, ಹೇಳಲು ನಾಚಿಕೆ. ಒದ್ದೆ ಚಡ್ಡಿಯಲ್ಲೇ ಬೆಂಚಿನ ತುದಿಯಲ್ಲಿ ಮುದುಡಿ ಕೂತಿರುತ್ತಿದ್ದ. ಬೇಕಾದ್ದನ್ನು ಕೇಳುವುದು, ತನ್ನ ಸರದಿಗೆ ಕಾಯುವುದು, ಅದು ತಯಾರಿ. ಈ ವಯಸ್ಸಿಗೆ ಮಣಿಕಟ್ಟಿನ ಮೂಳೆಗಳೂ ಪೂರ್ತಿ ಮೂಡಿರಲ್ಲ. ಆದರೂ ಪುಟಗಟ್ಟಲೆ ತಿದ್ದಿಸುತ್ತಾರೆ!

ನೇರಮಾತು: ಮಣಿಕಟ್ಟಲ್ಲಿ ಎಂಟು ಮೂಳೆ. ಕೊನೆಯದು ಮೂಡುವಷ್ಟರಲ್ಲಿ ಎಷ್ಟೋ ಮಕ್ಕಳಿಗೆ 10 ವರ್ಷ. ಅಲ್ಲೀವರೆಗೆ ಬರೆಯಲೇಬಾರದಾ?

ಒಂದನೇ ಕ್ಲಾಸ್ ಟೀಚರ್: ಬರೆಯಬಾರದು ಅಂತ ಎಲ್ಲಿ ಹೇಳಿದೆ? ಪುಟಗಟ್ಟಲೆ ಅಂದೆ.

ನೇರಮಾತು: ಮೂಳೆ ವಿಷಯ ತಂದಿದ್ದು ನೀವೇ. ಮೇಲೆ ಹೋಗಿ ಓದಿ.

ಎರಡು ಮಕ್ಕಳ ಅಮ್ಮ: ನನ್ನ ಮಗಳು ಗುಂಡಿ ತಾನೇ ಹಾಕಿಕೊಳ್ಳುತ್ತಾಳೆ. ಅವಳನ್ನು ನೋಡದೆ ಮಾತಾಡಬೇಡಿ.

ತಡವಾಗಿ ಸೇರಿಸಿದ ಅಪ್ಪ: ಡೆನ್ಮಾರ್ಕ್ ಮಕ್ಕಳ ಮೇಲೆ 2015ರಲ್ಲಿ ಬಂದ ಅಧ್ಯಯನ ನೋಡಿ. ಒಂದು ವರ್ಷ ತಡವಾಗಿ ಸೇರಿದವರಲ್ಲಿ 7ನೇ ವಯಸ್ಸಿಗೆ ಚಂಚಲತೆ ಕಡಿಮೆ ಇತ್ತು. ಫಿನ್ಲೆಂಡಲ್ಲಿ ಶಾಲೆ ಶುರುವಾಗುವುದೇ 7ಕ್ಕೆ.

ನೇರಮಾತು: ಫಿನ್ಲೆಂಡಲ್ಲಿ 6ನೇ ವರ್ಷದ ಪೂರ್ವ ಪ್ರಾಥಮಿಕ ಕಡ್ಡಾಯ. ಅದನ್ನು ಯಾಕೆ ನುಂಗಿದಿರಿ? ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರ್ರಿ ಪ್ರಯೋಗದಲ್ಲಿ ಬಡಮನೆಯ ಮಕ್ಕಳು 3, 4ರಲ್ಲೇ ಕಲಿಕೆಗೆ ಹೋದರು. 40ನೇ ವಯಸ್ಸಲ್ಲೂ, ಹೋಗದವರಿಗಿಂತ ಅವರ ಸಂಪಾದನೆ ಜಾಸ್ತಿ.

ಒಂದನೇ ಕ್ಲಾಸ್ ಟೀಚರ್: ಅಲ್ಲಿ ದಿನಕ್ಕೆ ಎರಡೂವರೆ ಗಂಟೆ ಮಾತ್ರ! ಟೀಚರ್ ವಾರಕ್ಕೊಮ್ಮೆ ಮನೆಗೇ ಹೋಗುತ್ತಿದ್ದರು. ಇದನ್ನು ತಂದು ಬರೆಸುವ ಶಾಲೆಗೆ ಹೋಲಿಸುತ್ತೀರಲ್ಲ, ಮಕ್ಕಳ ಕೈ ಹಿಡಿದು ನೋಡಿದ್ದೀರಾ ಒಮ್ಮೆಯಾದರೂ? ಪೆನ್ಸಿಲ್ ಒತ್ತಿ ಒತ್ತಿ ಹೆಬ್ಬೆರಳ ತುದಿ ಬಿಳಿಚಿಕೊಂಡಿರುತ್ತದೆ. ಹಾಳೆ ಹರಿಯುತ್ತದೆ. ಮಗು ಅಳುತ್ತದೆ.

ನೇರಮಾತು: ಮತ್ತೆ ಕೈಗೇ ಬಂದಿರಿ. ಹಿಡಿತ ಬರುವುದು ಹಿಡಿದರೆ ತಾನೇ? ಮೂಳೆ ಮೂಡಲಿ ಅಂತ ಕಾದರೆ ಬರಲ್ಲ.

ತಡವಾಗಿ ಸೇರಿಸಿದ ಅಪ್ಪ: ಫಿನ್ಲೆಂಡಿನ ಪೂರ್ವ ಪ್ರಾಥಮಿಕ ಅನ್ನುವುದು ಶಾಲೆಯೇ ಅಲ್ಲ. ಅಲ್ಲಿ ಆಟವೇ ಪಾಠ.

ನೇರಮಾತು: ಕಡ್ಡಾಯ ಅಂದಮೇಲೆ ಹೆಸರು ಏನಾದರೇನು?

ಒಂದನೇ ಕ್ಲಾಸ್ ಟೀಚರ್: ಹಿಡಿತ ಮಣ್ಣಲ್ಲೂ ಬರುತ್ತದೆ, ಹಿಟ್ಟು ನಾದಿದರೂ ಬರುತ್ತದೆ. ಪೆನ್ಸಿಲ್ಲೇ ಆಗಬೇಕಾ?

ಎರಡು ಮಕ್ಕಳ ಅಮ್ಮ: ನೀವಿಬ್ಬರೂ ಮೂಳೆ ಎಣಿಸುತ್ತಿರಿ. ಆ ಶಾಲೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಬರೆಸುತ್ತಾರೆ ಅಂತ ನಾಳೆ ಹೋಗಿ ಕೇಳುತ್ತೇನೆ. ಸೇರಿಸುವುದಂತೂ ಈ ವರ್ಷವೇ.

ನೇರಮಾತು: 10 ವರ್ಷದ ಪ್ರಶ್ನೆಗೆ ಟೀಚರ್ ಇನ್ನೂ ಉತ್ತರ ಕೊಟ್ಟಿಲ್ಲ.