ಕಾರಿಗೆ ತಂದು ಉಳಿದ 5ಡಬ್ಲ್ಯು-40 ಆಯಿಲ್ ಅನ್ನು 390 ಡ್ಯೂಕ್‌ಗೆ ಹಾಕಬಹುದೇ?

ಸಕಲೇಶಪುರ ಸವಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2014ರ ಪೋಲೊ ಜಿಟಿ ಟಿಎಸ್‌ಐ ಕಾರು ಮತ್ತು 2016ರ ಕೆಟಿಎಂ 390 ಡ್ಯೂಕ್ ಬೈಕು ಇವೆ. ಕಳೆದ ವಾರ ಕಾರಿನ ಆಯಿಲ್ ಬದಲಿಸಲೆಂದು ಐದು ಲೀಟರಿನ ಡಬ್ಬ ತಂದಿದ್ದೆ. ಅದು ಫೋಕ್ಸ್‌ವ್ಯಾಗನ್ 502 00 ಅನುಮೋದನೆ ಇರುವ, ಪೂರ್ಣ ಸಿಂಥೆಟಿಕ್ 5ಡಬ್ಲ್ಯು-40 ಆಯಿಲ್. ಕಾರಿಗೆ ನಾಲ್ಕು ಲೀಟರೂ ಹಿಡಿಯಲಿಲ್ಲವಾದ್ದರಿಂದ ಒಂದು ಲೀಟರಿಗಿಂತ ಹೆಚ್ಚು ಉಳಿದಿದೆ. ಇನ್ನೊಂದು ಲೀಟರ್ ಕೊಂಡರೆ ಬೈಕಿಗೂ ಆಗುತ್ತದೆ ಎಂಬುದು ನನ್ನ ಲೆಕ್ಕ.

ಬರುವ ತಿಂಗಳು ಚೆನ್ನೈ ಸಮೀಪದ ಇರುಂಗಾಟುಕೋಟೆಯ ಟ್ರ್ಯಾಕಿನಲ್ಲಿ ಒಂದು ದಿನ ಬೈಕು ಓಡಿಸಲು ಹೆಸರು ಕೊಟ್ಟಿದ್ದೇನೆ. ಬೈಕಿನ ಕೈಪಿಡಿಯಲ್ಲಿ 15ಡಬ್ಲ್ಯು-50, ಜಾಸೊ ಎಂಎ2 (ಬೈಕ್ ಆಯಿಲ್‌ಗಳ ಜಪಾನಿ ಮಾನದಂಡದ ಒಂದು ವರ್ಗ) ಎಂದಿದೆ. ನಮ್ಮೂರಿನ ಮೆಕ್ಯಾನಿಕ್ ಚೆನ್ನೈ ಬಿಸಿಲಿಗೆ 20ಡಬ್ಲ್ಯು-50 ಹಾಕಿಸಿ ಎನ್ನುತ್ತಾರೆ. ಗೆಳೆಯನೊಬ್ಬ, ಕಾರಿನ ಸಿಂಥೆಟಿಕ್ ಆಯಿಲ್ ಬೈಕಿನ ಯಾವ ಆಯಿಲ್‌ಗಿಂತಲೂ ಉತ್ತಮ, ಕಣ್ಣು ಮುಚ್ಚಿ ಸುರಿ ಎನ್ನುತ್ತಾನೆ. ಯಾರ ಮಾತು ಸರಿ ಎನ್ನುವುದಕ್ಕಿಂತ, ಯಾವುದು ಏಕೆ ಸರಿ ಎಂದು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಪಾನಾ ನಂ. 14:

ದಯವಿಟ್ಟು ಸುರಿಯಬೇಡಿ. ಈ ತಪ್ಪಿಗೆ ನಾನು ಒಮ್ಮೆ ಹಣ ತೆತ್ತಿದ್ದೇನೆ.

ಹತ್ತು ವರ್ಷದ ಹಿಂದೆ ನನ್ನ 200 ಸಿಸಿ ಬೈಕನ್ನು ಪರಿಚಯವಿಲ್ಲದ ಗ್ಯಾರೇಜೊಂದರಲ್ಲಿ ಸರ್ವಿಸ್‌ಗೆ ಬಿಟ್ಟಿದ್ದೆ. ಒಳ್ಳೆಯ ಆಯಿಲ್ ಹಾಕಿದ್ದೇವೆ ಎಂದು ಹೆಚ್ಚಿನ ಬಿಲ್ಲನ್ನೇ ಕೊಟ್ಟರು. ಮೊದಲ ಮುನ್ನೂರು ಕಿಲೋಮೀಟರ್ ಎಂಜಿನ್ ಬೆಣ್ಣೆಯಂತೆ ಓಡಿತು. ಆಮೇಲೆ ಒಂದು ದಿನ ಚಾರ್ಮಾಡಿ ಏರುವಾಗ, ನಾಲ್ಕನೇ ಗೇರಿನಲ್ಲಿ ಥ್ರಾಟಲ್ ತಿರುವಿದರೆ ಎಂಜಿನ್ ಸದ್ದು ಏರುತ್ತದೆ, ಮೀಟರಿನ ಮುಳ್ಳು ಮೇಲೆ ಹೋಗುತ್ತದೆ, ಬೈಕು ಮಾತ್ರ ಇದ್ದ ವೇಗದಲ್ಲೇ ಇದೆ! ಹಿಂದಿನಿಂದ ಬಂದ ಬಸ್ಸು ಹಾರನ್ ಹೊಡೆಯುತ್ತಿತ್ತು. ಕೊಟ್ಟಿಗೆಹಾರದವರೆಗೆ ಅರ್ಧ ಥ್ರಾಟಲ್‌ನಲ್ಲಿ ತೆವಳಿಕೊಂಡು ಹೋದೆ. ಮನೆಗೆ ತಂದು ಕ್ಲಚ್ ಕವರ್ ಬಿಚ್ಚಿದಾಗ, ಒರಟಾಗಿ ಮಂಕಾಗಿರಬೇಕಿದ್ದ ಫ್ರಿಕ್ಷನ್ ಪ್ಲೇಟುಗಳು ಕಪ್ಪು ಹಲಗೆಗೆ ಎಣ್ಣೆ ಸವರಿದಂತೆ ನುಣುಪಾಗಿ ಹೊಳೆಯುತ್ತಿದ್ದವು. ಉಗುರಿನಿಂದ ಕೆರೆದರೆ ಜಾರುತ್ತಿತ್ತು. ಡಬ್ಬ ತರಿಸಿ ನೋಡಿದರೆ ಅದು ಕಾರಿನ 5ಡಬ್ಲ್ಯು-30, ಇಂಧನ ಉಳಿತಾಯದ ಮುದ್ರೆ ಇದ್ದದ್ದು. ಆಯಿಲ್ ಬದಲಿಸಿದ ಮೇಲೂ ಜಾರುವುದು ಪೂರ್ತಿ ನಿಲ್ಲಲಿಲ್ಲ, ಪ್ಲೇಟುಗಳ ಇಡೀ ಸೆಟ್ಟನ್ನೇ ಬದಲಿಸಬೇಕಾಯಿತು.

ನಿಮ್ಮ ಕಾರಿನಲ್ಲಿ ಕ್ಲಚ್ಚಿಗೂ ಎಂಜಿನ್ ಆಯಿಲ್‌ಗೂ ಸಂಬಂಧವೇ ಇಲ್ಲ, ಗೇರ್‌ಬಾಕ್ಸಿನ ಆಯಿಲ್ ಕೂಡ ಬೇರೆ. ಡ್ಯೂಕಿನಲ್ಲಾದರೋ ಪಿಸ್ಟನ್ನು, ಗೇರು, ಕ್ಲಚ್ಚು ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿವೆ. ಪಿಸ್ಟನ್ನು ಜಾರಬೇಕು, ಕ್ಲಚ್ಚು ಹಿಡಿಯಬೇಕು. ಎರಡನ್ನೂ ಒಂದೇ ದ್ರವ ಮಾಡಬೇಕಿರುವುದರಿಂದ ಬೈಕಿನ ಆಯಿಲ್ ತಯಾರಿಕೆಯೇ ಬೇರೆ.

ಸ್ನಿಗ್ಧ:

ಆಯಿಲ್ ಪರೀಕ್ಷಾಲಯವೊಂದರಲ್ಲಿ ಹಲವು ವರ್ಷ ಕೆಲಸ ಮಾಡಿರುವ ನಾನು, ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿಯನ್ನೂ ಕೆಲವು ಅಂಕಿಗಳನ್ನೂ ಸೇರಿಸಲು ಬಯಸುತ್ತೇನೆ.

ತಿದ್ದುಪಡಿ ಇಷ್ಟೇ: ಕಾರಿನ ಆಯಿಲ್ ಎಲ್ಲವೂ ಕ್ಲಚ್ ಜಾರಿಸುತ್ತದೆ ಎನ್ನಲಾಗದು. ಘರ್ಷಣೆ ತಗ್ಗಿಸುವ ಮಾಲಿಬ್ಡಿನಮ್‌ನಂಥ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸುವುದು ತೆಳುವಾದ 20 ಮತ್ತು 30ರ ಗ್ರೇಡುಗಳಲ್ಲಿ (ಗೆರೆಯ ನಂತರದ ಈ ಅಂಕಿ ಕಾದಾಗ ಆಯಿಲ್ ಎಷ್ಟು ದಪ್ಪ ಎಂಬುದನ್ನು ಹೇಳುತ್ತದೆ). ಸವಾರರ ಕೈಯಲ್ಲಿರುವಂಥ 5ಡಬ್ಲ್ಯು-40 ಹಾಕಿಕೊಂಡು ಏನೂ ಆಗದೆ ಓಡಿಸಿದವರು ಇದ್ದಾರೆ. ಆದರೆ ಆ ಆಯಿಲ್ ಅನ್ನು ಒದ್ದೆ ಕ್ಲಚ್ಚಿನ ಮೇಲೆ ಯಾರೂ ಪರೀಕ್ಷಿಸಿಲ್ಲ. ನಾಳೆ ತಯಾರಕರು ಅದೇ ಡಬ್ಬದೊಳಗಿನ ಮಿಶ್ರಣ ಬದಲಿಸಿದರೂ ಬೈಕಿನವರಿಗೆ ಹೇಳಬೇಕಾದ ಹೊಣೆ ಅವರಿಗಿಲ್ಲ.

ಈ ಪರೀಕ್ಷೆಗಾಗಿಯೇ ಜಪಾನಿನವರು 1998ರಲ್ಲಿ ಜಾಸೊ ಟಿ 903 ಮಾನದಂಡ ತಂದರು. ಕ್ಲಚ್ ಹಿಡಿತ ಹೆಚ್ಚಿರುವ ಆಯಿಲ್ ಎಂಎ, ಕಡಿಮೆ ಇರುವುದು ಎಂಬಿ. ಒಣ ಕ್ಲಚ್ಚಿನ ಸ್ಕೂಟರುಗಳಿಗೆ ಎಂಬಿ ಧಾರಾಳವಾಗಿ ಸಾಕು. 2006ರ ಪರಿಷ್ಕರಣೆಯಲ್ಲಿ ಎಂಎ ವರ್ಗವನ್ನು ಎಂಎ1, ಎಂಎ2 ಎಂದು ಸೀಳಿದರು. ಹಿಡಿತದಲ್ಲಿ ಮೇಲಿನ ಸ್ತರದ್ದು ಎಂಎ2. ಡಬ್ಬದ ಹಿಂಬದಿಯಲ್ಲಿ ಪೆಟ್ಟಿಗೆಯಾಕಾರದ ಜಾಸೊ ಗುರುತೂ ಅದರೊಳಗೆ ನೋಂದಣಿ ಸಂಕೇತವೂ ಇದೆಯೇ ನೋಡಿಕೊಳ್ಳಿ. ಕೇವಲ "ಎಂಎ2 ಮಟ್ಟದ್ದು" ಎಂಬ ಬರಹಕ್ಕೆ ಅಷ್ಟು ಬೆಲೆ ಇಲ್ಲ.

ಇನ್ನೊಂದು ಸ್ವಾರಸ್ಯದ ಸಂಗತಿ ರಂಜಕದ್ದು. ಕ್ಯಾಮ್ ಸವೆಯದಂತೆ ಕಾಯುವ ಝಡ್‌ಡಿಡಿಪಿ ಎಂಬ ಸತುವಿನ ಸಂಯುಕ್ತದಲ್ಲಿ ರಂಜಕ ಇರುತ್ತದೆ, ಅದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕ್ರಮೇಣ ಹಾಳುಮಾಡುತ್ತದೆ. ಆ ಕಾರಣಕ್ಕೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ನಿಗದಿ ಮಾಡಿದ ಎಸ್‌ಎನ್ ಮತ್ತು ಎಸ್‌ಪಿ ವರ್ಗದ ತೆಳು ಗ್ರೇಡಿನ ಕಾರ್ ಆಯಿಲ್‌ಗಳಲ್ಲಿ ರಂಜಕ ಶೇ 0.08 ಮೀರಬಾರದು. ಜಾಸೊ ಮಾನದಂಡವಾದರೋ ಬೈಕಿನ ಆಯಿಲ್‌ನಲ್ಲಿ ಅದು ಶೇ 0.08ರಿಂದ 0.12ರೊಳಗೆ ಇರಬೇಕು ಎನ್ನುತ್ತದೆ. ಕಾರಿಗೆ ಎಲ್ಲಿ ಚಾವಣಿಯೋ ಬೈಕಿಗೆ ಅಲ್ಲಿ ನೆಲ.

ಮೂರನೆಯದು ಗೇರುಗಳ ವಿಷಯ, ಟ್ರ್ಯಾಕಿಗೆ ಹೋಗುವವರು ಗಮನಿಸಬೇಕಾದದ್ದೂ ಇದೇ. 15ಡಬ್ಲ್ಯು-50ಯಂಥ ಬಹುದರ್ಜೆ ಆಯಿಲ್ ಚಳಿಯಲ್ಲಿ ತೆಳುವಾಗಿ ವರ್ತಿಸಿ, ಬಿಸಿಯಲ್ಲಿ ದಪ್ಪ ಉಳಿಸಿಕೊಳ್ಳಲು ಅದರಲ್ಲಿ ಉದ್ದನೆಯ ಪಾಲಿಮರ್ ಎಳೆಗಳನ್ನು ಬೆರೆಸಿರುತ್ತಾರೆ. ಗೇರಿನ ಹಲ್ಲುಗಳು ಒಂದರೊಳಗೊಂದು ಸೇರುವಾಗ ಈ ಎಳೆಗಳು ಅಕ್ಷರಶಃ ಕತ್ತರಿಸಿ ಹೋಗುತ್ತವೆ. 50ರ ಗ್ರೇಡ್ ಎನಿಸಿಕೊಳ್ಳಲು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್‌ನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಕನಿಷ್ಠ 16.3 ಸೆಂಟಿಸ್ಟೋಕ್ ಇರಬೇಕು. ಓಡಿಸುತ್ತಾ ಅದು ಅದಕ್ಕಿಂತ ಕೆಳಗಿಳಿದರೆ, ಡಬ್ಬದ ಮೇಲೆ ಏನೇ ಬರೆದಿರಲಿ, ಎಂಜಿನ್ನಿನೊಳಗೆ ಇರುವುದು 40ರ ಆಯಿಲ್. 40ರ ಗ್ರೇಡಿನ ವ್ಯಾಪ್ತಿ 12.5ರಿಂದ 16.3. ನೀವು ಉಳಿಸಿಕೊಂಡಿರುವುದು ಅಲ್ಲಿಂದಲೇ ಆರಂಭಿಸುತ್ತದೆ, ಗೇರುಗಳು ಅದನ್ನು 30ರ ಕಡೆಗೆ ಎಳೆಯುತ್ತವೆ.

ಕೊನೆಯ ತಿರುವು:

ಮೆಕ್ಯಾನಿಕ್ ಪರವಾಗಿಯೂ ಒಬ್ಬರು ಮಾತನಾಡಬೇಕಲ್ಲ! ಇರುಂಗಾಟುಕೋಟೆಯಲ್ಲಿ ನಾಲ್ಕೈದು ಬಾರಿ ಬೈಕು ಓಡಿಸಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಪಿಟ್‌ಗೆ ಬಂದು ನಿಂತರೆ ಎಂಜಿನ್ ಪಕ್ಕ ಮೊಣಕಾಲು ಇಡಲಾಗದಷ್ಟು ಕಾವು ಇರುತ್ತದೆ. ಅಲ್ಲಿ ದಪ್ಪ ಆಯಿಲ್ ಒಳ್ಳೆಯದೆಂದು ಅನುಭವದಿಂದಲೇ ಹೇಳುತ್ತಾರೆ. ಬಿಎಂಡಬ್ಲ್ಯು ಕಂಪನಿಯೇ ಇ46 ಎಂ3 ಕಾರಿನ ಎಂಜಿನ್ನಿಗೆ 10ಡಬ್ಲ್ಯು-60 ನಿಗದಿ ಮಾಡಿತ್ತು. ದಪ್ಪ ಆಯಿಲ್ ಅಷ್ಟು ಕೆಟ್ಟದ್ದಾದರೆ ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುವ ಎಂಜಿನ್ನಿಗೆ ಅದನ್ನು ಏಕೆ ಹಾಕಿಸುತ್ತಿದ್ದರು?

ಸ್ನಿಗ್ಧ:

ಒಳ್ಳೆಯ ಉದಾಹರಣೆ ಕೊಟ್ಟಿರಿ, ಅದು ಅರ್ಧ ನಿಮ್ಮ ಪರವಾಗಿದೆ. ಆ ಎಂಜಿನ್ನಿನ ಬೇರಿಂಗಿನ ಸಂದು, ಪಂಪು, ಭಾರ ಎಲ್ಲವನ್ನೂ ನೋಡಿ ಅದರ ತಯಾರಕರೇ 60 ಎಂದರು. ಅದೇ ಕಂಪನಿಯ ಮುಂದಿನ ಟರ್ಬೊ ಎಂ ಎಂಜಿನ್‌ಗಳಿಗೆ ಅದಕ್ಕಿಂತ ತೆಳುವಾದ ಆಯಿಲ್ ನಿಗದಿಯಾಯಿತು. ಶಕ್ತಿ ಹೆಚ್ಚಿದಂತೆ ಆಯಿಲ್ ದಪ್ಪವಾಗಬೇಕೆಂಬ ನಿಯಮ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಈಗ 15 ಮತ್ತು 20ರ ವಿಚಾರಕ್ಕೆ ಬರೋಣ. ಡಬ್ಲ್ಯುಗೆ ಮೊದಲು ಬರುವ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ವರ್ತಿಸುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಎಂಜಿನ್ ತಿರುಗಿಸುವ ಪರೀಕ್ಷೆಯನ್ನು 20ಡಬ್ಲ್ಯು ಆಯಿಲ್‌ಗೆ ಮೈನಸ್ 15 ಡಿಗ್ರಿಯಲ್ಲಿ, 15ಡಬ್ಲ್ಯುಗೆ ಮೈನಸ್ 20ರಲ್ಲಿ, 5ಡಬ್ಲ್ಯುಗೆ ಮೈನಸ್ 30ರಲ್ಲಿ ಮಾಡುತ್ತಾರೆ. ಸಕಲೇಶಪುರದ ಜನವರಿ ಬೆಳಗು ಎಷ್ಟೇ ಕೊರೆದರೂ ಅಲ್ಲಿಗೆ ಹೋಗುವುದಿಲ್ಲ. ಕಾದ ಮೇಲೆ ಎರಡೂ 50ರ ಗ್ರೇಡೇ. ಹಾಗಾಗಿ ಚೆನ್ನೈ ಬಿಸಿಲಿಗೆಂದು 20ಡಬ್ಲ್ಯು-50 ಹಾಕಿಸಿದರೆ, ಬಿಸಿಲಿನ ವಿರುದ್ಧ ಹೆಚ್ಚಿನದೇನೂ ಸಿಗುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನ ಕ್ಯಾಮ್‌ವರೆಗೆ ತಲುಪಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ದಪ್ಪ ಆಯಿಲ್ ಹಾಕಿದಾಗ ಒತ್ತಡದ ಅಂಕಿ ಏರುವುದನ್ನು ನೋಡಿ ಜನ ಸಮಾಧಾನಪಡುತ್ತಾರೆ. ಒತ್ತಡ ಮಿತಿ ಮೀರಿದರೆ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಆ ಆಯಿಲ್ ಬೇರಿಂಗಿಗೆ ಹೋಗದೆ ಹಿಂದಿರುಗುತ್ತದೆ ಎಂಬುದನ್ನು ಮಾತ್ರ ಯಾವ ಮೀಟರೂ ತೋರಿಸುವುದಿಲ್ಲ.

ಕಾವಿನಲ್ಲಿ ರಕ್ಷಣೆ ಬೇಕೆಂದರೆ ನೋಡಬೇಕಾದ ಅಂಕಿ ಎಚ್‌ಟಿಎಚ್‌ಎಸ್, ಅಂದರೆ 150 ಡಿಗ್ರಿಯಲ್ಲಿ, ಬೇರಿಂಗಿನೊಳಗಿನಂಥ ರಭಸದಲ್ಲಿ ಅಳೆದ ಸ್ನಿಗ್ಧತೆ. 30ರ ಗ್ರೇಡಿಗೆ ಕನಿಷ್ಠ 2.9, 5ಡಬ್ಲ್ಯು-40ಗೆ 3.5, 50ಕ್ಕೆ 3.7 ಮಿಲಿಪಾಸ್ಕಲ್ ಸೆಕೆಂಡ್ ಇರಬೇಕು. ಒಳ್ಳೆಯ ಆಯಿಲ್‌ಗಳು ಇದಕ್ಕಿಂತ ಸಾಕಷ್ಟು ಮೇಲಿರುತ್ತವೆ, ತಯಾರಕರ ಮಾಹಿತಿ ಪತ್ರದಲ್ಲಿ ಅದನ್ನು ಕೊಟ್ಟಿರುತ್ತಾರೆ.

"ಪೂರ್ಣ ಸಿಂಥೆಟಿಕ್" ಎಂಬ ಬರಹದ ಬಗ್ಗೆಯೂ ಒಂದು ಮಾತು. ಕಚ್ಚಾ ತೈಲವನ್ನೇ ಹೈಡ್ರೋಜನ್ ಬಳಸಿ ತೀವ್ರವಾಗಿ ಸಂಸ್ಕರಿಸಿದ ಮೂರನೇ ಗುಂಪಿನ ಮೂಲ ತೈಲವನ್ನು ಸಿಂಥೆಟಿಕ್ ಎನ್ನಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಅಮೆರಿಕದಲ್ಲಿ ವಾದ ನಡೆದು, 1999ರಲ್ಲಿ ಅಲ್ಲಿನ ಜಾಹೀರಾತು ಸ್ವಯಂನಿಯಂತ್ರಣ ಸಂಸ್ಥೆ ಕ್ಯಾಸ್ಟ್ರಾಲ್ ಪರ ನಿಂತಿತು. ಹೀಗಾಗಿ ಆ ಪದವೊಂದರಿಂದ ಡಬ್ಬದೊಳಗೆ ಇರುವುದು ರಾಸಾಯನಿಕವಾಗಿ ತಯಾರಿಸಿದ ಪಿಎಒ ಅಥವಾ ಎಸ್ಟರ್ ಎಂಬ ಮೂಲ ತೈಲವೋ, ಮೂರನೇ ಗುಂಪಿನದೋ ಎಂದು ತಿಳಿಯದು. ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿಯೂ ಅಲ್ಲ, ಅನುಮೋದನೆ ಸರಿಯಿದ್ದರೆ ಸಾಕು.

ಪಾನಾ ನಂ. 14:

ಸ್ನಿಗ್ಧ ಅವರು ಕಾರಿನ ಕಡೆ ತಿರುಗಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಪೋಲೊಗೆ ನೀವು ಹಾಕಿರುವುದು ಸರಿಯಾದದ್ದೇ. ಮುಂದಿನ ಸಲ ಕೊಳ್ಳುವಾಗ 502 00 ಜೊತೆಗೆ ಎಪಿಐ ಎಸ್‌ಪಿ ಕೂಡ ಇರುವುದನ್ನು ನೋಡಿ. ನೇರ ಇಂಜೆಕ್ಷನ್ನಿನ ಸಣ್ಣ ಟರ್ಬೊ ಎಂಜಿನ್ನಿನಲ್ಲಿ, ಶಿರಾಡಿ ಘಾಟಿಯಂಥ ಏರಿನಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ, ಕಿಡಿ ಹಾರುವ ಮೊದಲೇ ಸಿಲಿಂಡರಿನಲ್ಲಿ ಉರಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಇದೆ. ಸಿಲಿಂಡರಿನೊಳಗೆ ಸೇರುವ ಆಯಿಲ್ ಹನಿಗಳಲ್ಲಿನ ಕ್ಯಾಲ್ಸಿಯಂ ಅದಕ್ಕೊಂದು ಕಾರಣವೆಂದು ಕಂಡುಬಂದ ಮೇಲೆ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ವರ್ಗಗಳು ಬಂದವು. ಘಾಟಿ ಏರಿ ಬಂದು ಕೂಡಲೇ ಎಂಜಿನ್ ಆಫ್ ಮಾಡದೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲವಾದರೆ ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಅಲ್ಲೇ ಬೆಂದು ಹೊತ್ತಿದ ಪಾತ್ರೆಯ ತಳದಂತೆ ಇದ್ದಿಲು ಕಟ್ಟುತ್ತದೆ.

ಖಾಲಿ ಡಬ್ಬವನ್ನು ಗುಜರಿಯವನಿಗೆ ಹಾಗೇ ಕೊಡಬೇಡಿ, ಮೊಳೆಯಿಂದ ನಾಲ್ಕು ತೂತು ಹೊಡೆದು ಕೊಡಿ. ಅಸಲಿ ಡಬ್ಬದಲ್ಲಿ ನಕಲಿ ಆಯಿಲ್ ತುಂಬಿ ಮಾರುವವರು ಇದ್ದಾರೆ.

ಸಕಲೇಶಪುರ ಸವಾರ:

ಎಲ್ಲರಿಗೂ ಕೃತಜ್ಞತೆಗಳು. ಟ್ರ್ಯಾಕಿಗೆ ಹೋಗುವ ಮೊದಲೇ ಬದಲಿಸಬೇಕೋ, ಬಂದ ಮೇಲೋ? ಈಗಿರುವ ಆಯಿಲ್ ಸುಮಾರು 4,000 ಕಿಲೋಮೀಟರ್ ಓಡಿದೆ.

ಕೊನೆಯ ತಿರುವು:

ಮೊದಲೂ ಬದಲಿಸಿ, ಬಂದ ಮೇಲೂ ಬದಲಿಸಿ. ಡ್ಯೂಕಿನಲ್ಲಿ ಇರುವುದೇ ಎರಡು ಲೀಟರಿಗಿಂತ ಕಡಿಮೆ ಆಯಿಲ್. ಒಂದು ದಿನ ಕೆಂಪು ಗೆರೆಯ ಹತ್ತಿರವೇ ಓಡಿದರೆ ಅದರ ಪಾಡು ಏನಾಗುತ್ತದೆ ಎಂದು ಈಗ ಸ್ನಿಗ್ಧ ಅವರ ಪಾಲಿಮರ್ ಕಥೆ ಓದಿದ ಮೇಲೆ ನನಗೂ ಅರ್ಥವಾಯಿತು. ಪ್ರತಿ ಸುತ್ತಿನ ನಂತರ ಬೈಕನ್ನು ನೇರವಾಗಿ ಹಿಡಿಸಿಕೊಂಡು, ಒಂದೆರಡು ನಿಮಿಷ ಕಾದು ಎಂಜಿನ್ನಿನ ಪಕ್ಕದ ಗಾಜಿನ ಕಿಟಕಿಯಲ್ಲಿ ಆಯಿಲ್ ಮಟ್ಟ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿ ಕಡಿಮೆಯಿದೆ ಎಂದು ಸುರಿದು, ಹೆಚ್ಚಾದ ಆಯಿಲ್ ಏರ್ ಫಿಲ್ಟರಿಗೆ ಉಗುಳಿದ್ದನ್ನು ನಾನು ಕಂಡಿದ್ದೇನೆ. ನನ್ನ 20ಡಬ್ಲ್ಯು-50 ವಾದವನ್ನು ಹಿಂತೆಗೆದುಕೊಳ್ಳುತ್ತೇನೆ, ಮನೆಯಲ್ಲಿ ಉಳಿದಿರುವ ಎರಡು ಡಬ್ಬ ಹಳೆಯ ಬುಲೆಟ್ಟಿಗೆ ಆದೀತು.

ಸಕಲೇಶಪುರ ಸವಾರ:

ಇಂದು ಬೆಳಗ್ಗೆ ಹಾಸನದಿಂದ 15ಡಬ್ಲ್ಯು-50 ಎಂಎ2 ತಂದು, ಜಾಸೊ ಪೆಟ್ಟಿಗೆಯೊಳಗಿನ ಸಂಕೇತ ನೋಡಿಯೇ ಹಾಕಿದೆ. ಹಳೆಯ ಆಯಿಲ್ ಹತ್ತು ನಿಮಿಷ ಬಿಸಿ ಮಾಡಿ ಇಳಿಸಿದಾಗ ನೀರಿನಷ್ಟು ತೆಳುವಾಗಿ ಸುರಿಯಿತು, ಮೂಗಿಗೆ ಸ್ವಲ್ಪ ಪೆಟ್ರೋಲ್ ವಾಸನೆಯೂ ಬಂತು. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿತ್ತು, ಬೆರಳಿನಲ್ಲಿ ಉಜ್ಜಿದರೆ ಚೂರುಗಳೇನೂ ಸಿಗಲಿಲ್ಲ. ಕಾರಿನ ಆಯಿಲ್ ಉಳಿದ ಡಬ್ಬಕ್ಕೆ "ಪೋಲೊ ಮಾತ್ರ" ಎಂದು ಮಾರ್ಕರಿನಲ್ಲಿ ಬರೆದು ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ.

ಪಾನಾ ನಂ. 14:

ನುಣ್ಣನೆಯ ಕೆಸರು ಸಹಜ, ಗೇರು ಮತ್ತು ಕ್ಲಚ್ಚಿನ ಸವೆತ. ಚೂರು ಸಿಕ್ಕಿದ್ದರೆ ಟ್ರ್ಯಾಕ್ ಬಿಟ್ಟು ಗ್ಯಾರೇಜಿಗೆ ಹೋಗಿ ಎನ್ನುತ್ತಿದ್ದೆ. ಬೋಲ್ಟಿನ ಸೀಲ್ ಹೊಸದು ಹಾಕಿದಿರಿ ತಾನೇ?