ಒಂದು ಹಗಲು, ಹನ್ನೆರಡು ಪಾಯಿಂಟ್

ನಾಲ್ಕು ಜನ ಗೆಳೆಯರು ಸೇರಿದರೆ ತಾವಾಗಿಯೇ ಯಾವ ಬೆಟ್ಟವನ್ನೂ ಹತ್ತುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹತ್ತಿಸುವುದಕ್ಕೆ ಹೊರಗಿನವರು ಯಾರಾದರೂ ಬೇಕು. ಪುಣೆಯಲ್ಲಿ ಬೆಳಿಗ್ಗೆ ಬಸ್ಸಿನಲ್ಲಿ ಕೂಡಿಸಿಕೊಂಡು, ಗೈಡ್ ಸಮೇತ ಪಂಚಗಣಿ-ಮಹಾಬಳೇಶ್ವರ ತೋರಿಸಿ, ರಾತ್ರಿ ವಾಪಸ್ ತಂದು ಬಿಡುವ ಟ್ರಿಪ್ ಇದೆಯಲ್ಲ, ಅದಕ್ಕೆ ಹೋಗೋಣ ಅಂತ ನಾನು ಹೇಳಿದ್ದು ಅದಕ್ಕೇ. ಹೇಳಿದ್ದು ಕಲಬುರಗಿ ಗಂಜಿನ ಹತ್ತಿರದ ಚಹಾದ ಅಂಗಡಿಯಲ್ಲಿ. ಮಾರ್ಚ್ ತಿಂಗಳು, ಸಂಜೆ ಆರಾದರೂ ಕೂತ ಕಬ್ಬಿಣದ ಬೆಂಚು ಇನ್ನೂ ಸುಡುತ್ತಿತ್ತು.

"ಎಷ್ಟು ದಿನದ್ದು?" ಅಂದರು ತೊಗರಿ ಸಾಹುಕಾರರು.

"ಒಂದೇ ದಿನ."

"ಇಲ್ಲಿಂದ ಪುಣೆಗೆ?"

"ರಾತ್ರಿ ಗಾಡಿ."

"ಬರುವಾಗ?"

"ಅದೂ ರಾತ್ರಿ ಗಾಡಿ."

"ಅಂದರೆ ಒಂದು ಹಗಲಿಗೆ ಎರಡು ರಾತ್ರಿ ಬಡ್ಡಿ. ಇಷ್ಟು ಬಡ್ಡಿ ನಮ್ಮ ಗಂಜಿನಲ್ಲೂ ಯಾರೂ ಹಾಕುವುದಿಲ್ಲ ನೋಡ್ರಿ."

ಮಾಸ್ತರು ಭೂಗೋಳ ಕಲಿಸಿದವರು. ರಿಟೈರ್ ಆದರೂ ಚಟ ಬಿಟ್ಟಿಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಮಹಾಬಳೇಶ್ವರ 1,350ರ ಹತ್ತಿರ, ಸಾವಿರ ಮೀಟರ್ ಮೇಲೆ ಹೋದರೆ ಆರು ಡಿಗ್ರಿ ಆಸುಪಾಸು ಕಡಿಮೆಯಾಗುತ್ತದೆ ಅಂತ ಶುರು ಮಾಡಿದರು. ಸಾಹುಕಾರರು ಬಾಯಲ್ಲೇ ಕಳೆದರು. "ಮೇ ತಿಂಗಳಲ್ಲಿ ನಮ್ಮದು 43. ಅದರಲ್ಲಿ ಆರು ತೆಗೆದರೆ 37. ಮೂವತ್ತೇಳಕ್ಕೆ ನಾನು ಪುಣೆಗೆ ಯಾಕೆ ಹೋಗಲಿ? ಕೂಲರ್‌ಗೆ ನೀರು ಹಾಕಿದರೆ ಆಯಿತಲ್ಲ."

ಮಾಸ್ತರಿಗೆ ಸಿಟ್ಟು ಬಂತು. ಲೆಕ್ಕ ಬರೀ ಎತ್ತರದ್ದಲ್ಲ, ಅಲ್ಲಿ ಕಾಡಿದೆ, ಅರಬ್ಬಿ ಸಮುದ್ರದ ಗಾಳಿ ನೇರವಾಗಿ ಬಂದು ಘಟ್ಟಕ್ಕೆ ಬಡಿಯುತ್ತದೆ, ವರ್ಷಕ್ಕೆ ಐದು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ, ನಮ್ಮ ಕಡೆ ಎಂಟುನೂರು ಬಿದ್ದರೆ ಹಬ್ಬ, ಅದಕ್ಕೇ ಅಲ್ಲಿ ಬೇಸಿಗೆಯಲ್ಲೂ ಮೂವತ್ತರ ಆಚೀಚೆ ಇರುತ್ತದೆ ಅಂತ ಒಂದೇ ಉಸಿರಿನಲ್ಲಿ ಹೇಳಿದರು. ಬ್ರಿಟಿಷರ ಕಾಲದಲ್ಲಿ ಮುಂಬೈ ಸರಕಾರವೇ ಬೇಸಿಗೆ ಬಂದರೆ ಫೈಲು, ಗುಮಾಸ್ತರ ಸಮೇತ ಅಲ್ಲಿಗೆ ಏರುತ್ತಿತ್ತಂತೆ. ಜಾನ್ ಮಾಲ್ಕಮ್ ಅಂತ ಗವರ್ನರ್ 1828ರ ಸುಮಾರಿಗೆ ಊರು ಕಟ್ಟಿಸಿದ್ದು, ಮೊದಲು ಅದರ ಹೆಸರೇ ಮಾಲ್ಕಮ್ ಪೇಠ.

"ಸರಕಾರದ ದುಡ್ಡಿನಲ್ಲಿ, ಭತ್ಯೆ ತಗೊಂಡು, ತಿಂಗಳುಗಟ್ಟಲೆ," ಅಂದರು ಸಾಹುಕಾರರು. "ಅದು ಟ್ರಿಪ್. ಇದು ಹೋಗಿ ಮುಟ್ಟಿ ಬರುವುದು."

ಮುಟ್ಟಿ ಬರುವುದು ಅನ್ನುವ ಮಾತು ಸುಳ್ಳಲ್ಲ ಬಿಡಿ. ನಾನು ಹಿಂದೆ ಒಮ್ಮೆ ಹೀಗೇ ಹೋಗಿ ಬಂದವನು, ಗೊತ್ತು. ಅವರು ಕೊಡುವ ಕಾಗದದಲ್ಲಿ ಹನ್ನೆರಡು ಜಾಗದ ಹೆಸರಿರುತ್ತದೆ: ಪಾರ್ಸಿ ಪಾಯಿಂಟ್, ಟೇಬಲ್ ಲ್ಯಾಂಡ್, ಕೇಟ್ಸ್ ಪಾಯಿಂಟ್, ಎಲ್ಫಿನ್‌ಸ್ಟನ್, ಆರ್ಥರ್ಸ್ ಸೀಟ್, ಲಿಂಗಮಳಾ ಜಲಪಾತ, ವೆಣ್ಣಾ ಕೆರೆ, ಹೀಗೆ. ಮಾಸ್ತರು ಆ ಕಾಗದ ತಿರುಗಿಸಿ ಹಿಂಬದಿಯಲ್ಲಿ ಪೆನ್ನಿನಿಂದ ಲೆಕ್ಕ ಹಾಕಿದರು. ಬೆಳಿಗ್ಗೆ ಏಳಕ್ಕೆ ಪುಣೆ ಬಿಟ್ಟು, ನೂರು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ನಾಷ್ಟಾಕ್ಕೂ ನಿಲ್ಲಿಸಿ, ಹತ್ತೂವರೆಗೆ ಪಂಚಗಣಿ ಮುಟ್ಟಿದಿರಿ ಅಂತ ಇಟ್ಟುಕೊಳ್ಳಿ. ಸಂಜೆ ಆರಕ್ಕೆ ಇಳಿಯಲೇಬೇಕು. ಕೈಯಲ್ಲಿ ಉಳಿದದ್ದು ನಾನೂರ ಐವತ್ತು ನಿಮಿಷ. ಊಟಕ್ಕೆ ನಲವತ್ತೈದು, ಪಂಚಗಣಿಯಿಂದ ಮಹಾಬಳೇಶ್ವರದ ಇಪ್ಪತ್ತು ಕಿಲೋಮೀಟರಿಗೆ ನಲವತ್ತೈದು, ಸ್ಟ್ರಾಬೆರಿ ಅಂಗಡಿಗೆ ನಲವತ್ತು, ಚಹಾ, ಶೌಚಾಲಯ, ಆಮೇಲೆ ಬಸ್ಸಿನಲ್ಲಿ ತಲೆ ಎಣಿಸಿ ಇನ್ನೂ ಯಾರು ಬಂದಿಲ್ಲ ಅಂತ ಕೂಗುವುದಕ್ಕೆ ಒಂದು ತಾಸು, ಪಾಯಿಂಟಿನಿಂದ ಪಾಯಿಂಟಿಗೆ ಹೋಗಿ ಗಾಡಿ ನಿಲ್ಲಿಸುವುದಕ್ಕೆ ಎರಡು ತಾಸು ಇಪ್ಪತ್ತು ನಿಮಿಷ. ಉಳಿಯಿತು ನೂರ ಇಪ್ಪತ್ತು ನಿಮಿಷ. ಹನ್ನೆರಡರಿಂದ ಭಾಗಿಸಿದರೆ ಹತ್ತು.

"ಪಾಯಿಂಟಿಗೆ ಹತ್ತು ನಿಮಿಷ," ಅಂತ ಪೆನ್ನು ಮುಚ್ಚಿದರು.

"ಸಾಕಲ್ಲ," ಅಂದ ರಶೀದ್ ಭಾಯಿ. ಅವನು ಗಾಡಿ ರಿಪೇರಿ ಮಾಡುವವನು, ಯಾವುದಕ್ಕೂ ಹತ್ತು ನಿಮಿಷಕ್ಕಿಂತ ಜಾಸ್ತಿ ಹೇಳುವುದಿಲ್ಲ, ಗಾಡಿ ಮಾತ್ರ ಮೂರು ದಿನಕ್ಕೆ ಕೊಡುತ್ತಾನೆ. "ಎಂಟು ನಿಮಿಷ ಸೆಲ್ಫಿ, ಎರಡು ನಿಮಿಷ ಬೆಟ್ಟ."

ಇಷ್ಟು ಹೊತ್ತಿಗೆ ಬೀದರಿನ ಅಳಿಯಂದಿರು ಬಂದರು. ಅವರು ನಮ್ಮ ಓಣಿಯ ಅಳಿಯ, ಹದಿನೈದು ವರ್ಷದಿಂದ ಕಲಬುರಗಿಯಲ್ಲೇ ಇದ್ದಾರೆ, ಆದರೆ ಬೆಟ್ಟ, ಕೋಟೆ, ಹವೆ ಅಂತ ಯಾವ ಮಾತು ಎತ್ತಿದರೂ ಬೀದರಿಗೆ ತಂದು ನಿಲ್ಲಿಸುತ್ತಾರೆ. "ಬೀದರನ್ನು ಬಡವರ ಊಟಿ ಅಂತಾರೆ ಗೊತ್ತೇನ್ರಿ? ಟೇಬಲ್ ಲ್ಯಾಂಡ್ ನೋಡುವುದಕ್ಕೆ ಅಷ್ಟು ದೂರ ಯಾಕೆ? ನಮ್ಮ ಇಡೀ ಊರೇ ಟೇಬಲ್ ಮೇಲೆ ಕೂತಿದೆ!"

ನಗಬೇಡಿ, ಇದರಲ್ಲಿ ಅವರು ಹೇಳಿದ್ದು ಖರೆ. ಪಂಚಗಣಿಯ ಟೇಬಲ್ ಲ್ಯಾಂಡ್ ಅಂದರೆ ಮೇಜಿನ ಹಾಗೆ ಚಪ್ಪಟೆಯಾದ ಬೆಟ್ಟದ ನೆತ್ತಿ. ಕೆಳಗೆ ಜ್ವಾಲಾಮುಖಿಯ ಕರಿ ಕಲ್ಲು, ಮೇಲೆ ಟೊಪ್ಪಿಗೆ ಹಾಕಿದಂತೆ ಜಂಬಿಟ್ಟಿಗೆ, ಕೆಂಪು ಕಲ್ಲು. ಬೀದರ್ ಕೂತಿರುವುದೂ ಅದೇ ತರದ ಕೆಂಪು ಕಲ್ಲಿನ ಮೇಲೆ, ಕೋಟೆ ಕಟ್ಟಿದ್ದೂ ಅದರಲ್ಲೇ. ಮಾಸ್ತರು ಹೌದು ಅಂತ ತಲೆಯಾಡಿಸಿದ್ದೇ ತಡ, ಅಳಿಯಂದಿರು ಎದೆ ಉಬ್ಬಿಸಿದರು.

"ಆದರೆ ಅಲ್ಲಿ ಕುದುರೆ ಮೇಲೆ ಕೂಡಿಸಿ ಸುತ್ತಿಸುತ್ತಾರೆ," ಅಂದೆ ನಾನು.

"ಕುದುರೆ ತರಿಸಿದರಾಯಿತು!"

"ಕಣಿವೆ?"

ಅದಕ್ಕೆ ಅವರು ಚಹಾ ಕುಡಿದರು.

ಚಿಂಚೋಳಿಗೆ ಹೋಗೋಣ, ಚಂದ್ರಂಪಳ್ಳಿ ಕೆರೆ, ಗೊಟ್ಟಂಗೊಟ್ಟ, 2011ರಲ್ಲಿ ವನ್ಯಜೀವಿ ಧಾಮ ಆಗಿದೆ, ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡರೆ ಸಾಕು ಅಂತ ರಶೀದ್ ಹೇಳಿದ. ಒಳ್ಳೆಯ ಮಾತು. ಎಲ್ಲರೂ ಒಪ್ಪಿದರು. ಈ ಮಾತಿಗೆ ನಾವು ಎಷ್ಟೋ ವರ್ಷದಿಂದ ಒಪ್ಪುತ್ತಲೇ ಬಂದಿದ್ದೇವೆ, ಒಬ್ಬರೂ ಹೋಗಿಲ್ಲ. ಹತ್ತಿರದ್ದಕ್ಕೆ ಯಾವಾಗ ಬೇಕಾದರೂ ಹೋಗಬಹುದು, ಅದಕ್ಕೇ ಯಾವಾಗಲೂ ಹೋಗುವುದಿಲ್ಲ. ಅಲ್ಲಿ ಸೀಟಿ ಊದುವವರಿಲ್ಲ, ನೋಡಿ.

ಸೀಟಿಯ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಬಸ್ಸಿನ ಗೈಡ್ ಕೊರಳಲ್ಲಿ ಕೆಂಪು ದಾರಕ್ಕೆ ಸ್ಟೀಲಿನ ಸೀಟಿ ಕಟ್ಟಿಕೊಂಡಿದ್ದ. ಕೇಟ್ಸ್ ಪಾಯಿಂಟಿನಲ್ಲಿ ಬಂಡೆಯೊಂದು ಮುಂದಕ್ಕೆ ಚಾಚಿದೆ, ನಡುವೆ ತೂತು. ಸೂಜಿಕಣ್ಣು ಅಂತಲೂ ಅಂತಾರೆ, ಆನೆಯ ತಲೆ ಅಂತಲೂ ಅಂತಾರೆ, ತೂತಿನ ಆಚೆ ಇರುವುದು ಸೊಂಡಿಲು. ಅವನು ಬೆನ್ನು ಕಣಿವೆಗೆ ಹಾಕಿ, ಹಿಂದೆ ತಿರುಗಿಯೂ ನೋಡದೆ, ಹೆಬ್ಬೆರಳಿನಿಂದ ಭುಜದ ಮೇಲೆ ತೋರಿಸಿ "ಹಾಥಿ ದಿಖಾ?" ಅಂದ. ಎಲ್ಲರೂ "ದಿಖಾ!" ಅಂದರು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು "ದಿಖಾ" ಅಂತ ಜೋರಾಗಿ ಕೂಗಿ, ಆಮೇಲೆ ಮೆಲ್ಲಗೆ ಮೊಮ್ಮಗನನ್ನು "ಎಲ್ಲಿ?" ಅಂತ ಮರಾಠಿಯಲ್ಲಿ ಕೇಳಿದಳು. ಮೊಮ್ಮಗ ನನ್ನ ಮುಖ ನೋಡಿದ. ನಾನು ಮುಂದಿನವನ ಮುಖ ನೋಡಿದೆ. ಅಷ್ಟರಲ್ಲಿ ಸೀಟಿ. ಆನೆ ಕಂಡಿತೋ ಇಲ್ಲವೋ, ಬಸ್ಸು ಕಂಡಿತು.

"ಆ ಆರ್ಥರ್ಸ್ ಸೀಟ್ ಅಂತೀರಲ್ಲ, ಅಲ್ಲಿ ಏನು?" ಅಂತ ಸಾಹುಕಾರರು ಕೇಳಿದರು.

ಅಲ್ಲಿ ಕೆಳಗಿನ ಕಣಿವೆಯಿಂದ ಗಾಳಿ ಎಷ್ಟು ಜೋರಾಗಿ ಮೇಲಕ್ಕೆ ಬರುತ್ತದೆ ಅಂದರೆ, ಬಾಟಲಿ ಮುಚ್ಚಳದಂಥ ಹಗುರ ಸಾಮಾನು ಎಸೆದರೆ ವಾಪಸ್ ಮೇಲೆಯೇ ಬಂದು ಬೀಳುತ್ತದೆ ಅಂತ ಹೇಳಿದೆ. ಹಾಗಂತ ಮುಚ್ಚಳ ಎಸೆದು ಎಸೆದು ಜನ ಅಲ್ಲಿ ಕಸ ಮಾಡಿಟ್ಟಿದ್ದಾರೆ, ಅದು ಬೇರೆ ಮಾತು.

ಸಾಹುಕಾರರು ಮೊದಲ ಸಲ ಆಸೆಯಿಂದ ನೆಟ್ಟಗೆ ಕೂತರು. "ನಾನು ಕೈಗಡ ಕೊಟ್ಟಿದ್ದನ್ನು ಅಲ್ಲಿ ನಿಂತು ಕೊಟ್ಟಿದ್ದರೆ ವಾಪಸ್ ಬರುತ್ತಿತ್ತೇನ್ರಿ?"

ರಶೀದ್ ಎದ್ದು ಇನ್ನೊಂದು ಚಹಾ ಹೇಳುವುದಕ್ಕೆ ಹೋದ. ಸುಮ್ನೆ ಹೋದದ್ದಲ್ಲ.

ಮಾಸ್ತರಿಗೆ ಬೇಕಾದದ್ದು ಒಂದೇ ಜಾಗ, ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿ. ಅಲ್ಲಿ ಕಲ್ಲಿನ ಗೋಮುಖದಿಂದ ನೀರು ಬೀಳುತ್ತದೆ. ಕೃಷ್ಣಾ, ವೆಣ್ಣಾ, ಕೊಯ್ನಾ, ಗಾಯತ್ರಿ, ಸಾವಿತ್ರಿ, ಐದೂ ನದಿ ಅಲ್ಲೇ ಹುಟ್ಟಿದ್ದು ಅಂತ ನಂಬಿಕೆ. ಗೈಡ್ ಅದಕ್ಕೂ ಹತ್ತೇ ನಿಮಿಷ ಕೊಡುತ್ತಾನೆ ಅನ್ನುವುದು ಮಾಸ್ತರ ಸಂಕಟ. "ವೆಣ್ಣಾ ಸಾತಾರಾದ ಹತ್ತಿರ ಬಂದು ಕೃಷ್ಣೆಗೆ ಸೇರುತ್ತದೆ, ಕೊಯ್ನಾ ಕರಾಡದಲ್ಲಿ ಸೇರುತ್ತದೆ, ಆಮೇಲೆ ಸಾಂಗ್ಲಿ ದಾಟಿ, ಆಲಮಟ್ಟಿ ದಾಟಿ ನಮ್ಮ ಯಾದಗಿರಿಯ ನಾರಾಯಣಪುರ ಡ್ಯಾಮಿಗೆ ಬರುತ್ತದೆ. ಶಹಾಪುರ, ಸುರಪುರದ ಭತ್ತ ಕುಡಿಯುವುದು ಆ ನೀರನ್ನೇ. ಅಂಥದ್ದಕ್ಕೆ ಹತ್ತು ನಿಮಿಷವೇನ್ರಿ?"

"ಅಂದರೆ ಆ ನೀರು ತಾನೇ ನಮ್ಮ ಕಡೆ ಬರುತ್ತಿದೆ," ಅಂದರು ಸಾಹುಕಾರರು. "ನಾವು ಯಾಕೆ ಎದುರು ಹೋಗಬೇಕು? ಕೂತಿರೋಣ."

ಮಾಸ್ತರು ಕೇಳಿಸಿಕೊಳ್ಳಲಿಲ್ಲ. ಅವರಿಗೆ ನದಿ ಹತ್ತಿತ್ತು. ಕೃಷ್ಣೆ ಹುಟ್ಟುವ ಜಾಗದಿಂದ ಅರಬ್ಬಿ ಸಮುದ್ರ 64 ಕಿಲೋಮೀಟರ್ ಅಷ್ಟೇ ದೂರ, ಆದರೆ ಆಕೆ ಆ ಕಡೆ ಹೋಗದೆ ತಿರುಗಿಕೊಂಡು, 1,400 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿಗೆ ಹೋಗುತ್ತಾಳೆ ಅಂದರು.

"ಗೈಡ್ ಇಲ್ಲದೆ ಹೊರಟರೆ ಹೀಗೇ ಆಗುವುದು," ಅಂದ ರಶೀದ್.

"ಸಾವಿತ್ರಿ ಮಾತ್ರ ಕೊಂಕಣದ ಕಡೆ ಇಳಿದು ನೇರವಾಗಿ ಅರಬ್ಬಿಗೆ ಸೇರುತ್ತಾಳೆ," ಅಂತ ಮಾಸ್ತರು ಸೇರಿಸಿದರು.

"ಆಕೆ ಗೈಡ್ ಮಾಡಿಕೊಂಡಿದ್ದಳು," ಅಂದೆ ನಾನು.

ಕೃಷ್ಣೆ ಹಾಗೆ ಸುತ್ತದಿದ್ದರೆ ಯಾದಗಿರಿ ಗತಿ ಏನಾಗುತ್ತಿತ್ತು ಅಂತ ಮಾಸ್ತರು ಕೇಳಿದ ಮೇಲೆ ನಾವಿಬ್ಬರೂ ಬಾಯಿ ಮುಚ್ಚಿದೆವು.

ಬಾಯಿ ತೆಗೆಸಿದ್ದು ಸ್ಟ್ರಾಬೆರಿ. ದೇಶದ ಸ್ಟ್ರಾಬೆರಿಯಲ್ಲಿ ದೊಡ್ಡ ಪಾಲು ಅಲ್ಲಿಯದೇ, 2010ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನುವ ಸರಕಾರಿ ಗುರುತು ಕೂಡ ಸಿಕ್ಕಿದೆ, ಸೀಸನ್ನಿನಲ್ಲಿ ದಾರಿಯುದ್ದಕ್ಕೂ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ, ಗ್ಲಾಸಿನಲ್ಲಿ ಹಣ್ಣು ಹೆಚ್ಚಿ ಹಾಕಿ ಮೇಲೆ ಕ್ರೀಮ್ ಸುರಿದು ಕೊಡುತ್ತಾರೆ ಅಂದೆ. ಸಾಹುಕಾರರಿಗೆ ಇದು ಬಹಳ ನೋವಾಯಿತು. "ನಮ್ಮ ತೊಗರಿಬೇಳೆಗೂ ಜಿಐ ಇದೆ. 2019ರಲ್ಲಿ ಬಂತು. ಯಾವ ಬಸ್ಸು ಬಂತು ನಮ್ಮ ಹೊಲಕ್ಕೆ? ಯಾವ ಗೈಡ್ ಸೀಟಿ ಊದಿದ?"

"ತೊಗರಿ ಮೇಲೆ ಕ್ರೀಮ್ ಹಾಕಿ ನೋಡ್ರಿ," ಅಂದ ರಶೀದ್.

ಇಲ್ಲಿ ಒಂದು ಕೆಲಸಕ್ಕೆ ಬರುವ ಮಾತು ಹೇಳಲೇಬೇಕು. ವಾಯಿ ದಾಟಿದ ಮೇಲೆ ಪಸರಣಿ ಘಾಟ್ ಬರುತ್ತದೆ. ನಮ್ಮದು ಬಯಲು ಸೀಮೆ. ಇಲ್ಲಿನ ರಸ್ತೆಗಳಲ್ಲಿ ಗುಂಡಿ ಇರುತ್ತವೆ, ತಿರುವು ಇರುವುದಿಲ್ಲ. ಗುಂಡಿಗೆ ಪಳಗಿದ ಹೊಟ್ಟೆ ತಿರುವಿಗೆ ಪಳಗಿರುವುದಿಲ್ಲ. ಬೆಳಿಗ್ಗೆ ನಾಷ್ಟಾಕ್ಕೆ ನಿಲ್ಲಿಸಿದಾಗ ಮಿಸಳ್ ಚೆನ್ನಾಗಿದೆ ಅಂತ ಎರಡು ಪ್ಲೇಟ್ ಹೊಡೆದವರು ಅರ್ಧ ಘಾಟ್ ಹತ್ತುವಷ್ಟರಲ್ಲಿ ಮೌನವ್ರತ ಹಿಡಿಯುತ್ತಾರೆ. ಕಿಸೆಯಲ್ಲಿ ಒಂದು ನಿಂಬೆಹಣ್ಣು ಇರಲಿ, ಮುಂದಿನ ಸೀಟು ಹಿಡಿಯಿರಿ, ಮೊಬೈಲ್ ನೋಡಬೇಡಿ. ಟಿಕೆಟ್ ತಗೊಳ್ಳುವಾಗಲೇ ಊಟ, ಬೋಟು, ಊರೊಳಗೆ ಹೋಗುವಾಗ ಕಟ್ಟುವ ಪ್ರವಾಸಿ ತೆರಿಗೆ ಅದರಲ್ಲೇ ಸೇರಿದೆಯಾ ಅಂತ ಕೇಳಿ. ಪ್ರತಾಪಗಡವನ್ನೂ ಅದೇ ದಿನ ತೋರಿಸುತ್ತೇವೆ ಅಂದರೆ ನಂಬಬೇಡಿ. ಇನ್ನೂ 24 ಕಿಲೋಮೀಟರ್ ಘಟ್ಟದ ದಾರಿ, ಮೇಲೆ ಕೋಟೆಯ ಮೆಟ್ಟಿಲು. ಬಸ್ಸಿನಿಂದಲೇ ಕೈ ತೋರಿಸುತ್ತಾರೆ, ಅಷ್ಟೇ.

ಹನ್ನೆರಡರಲ್ಲಿ ಕೆಲವನ್ನು ಬಿಟ್ಟರೆ ಉಳಿದಿದ್ದನ್ನು ನೆಮ್ಮದಿಯಾಗಿ ನೋಡಬಹುದು ಅಂತ ಆಮೇಲೆ ಯೋಚನೆ ಬಂತು. ಯಾವುದನ್ನು ಬಿಡುವುದು? ಸಾಹುಕಾರರು ಗುಡಿ ಬಿಟ್ಟು ಬೇರೆಲ್ಲ ಬೇಡ ಅಂದರು, ಗುಡಿಗೆ ಟಿಕೆಟ್ ಇಲ್ಲ. ಅಳಿಯಂದಿರು ಟೇಬಲ್ ಲ್ಯಾಂಡ್ ಹೊಡೆದುಹಾಕಿದರು, ಬೀದರಿನಲ್ಲಿ ಇದೆಯಲ್ಲ. ರಶೀದ್ ಕೆರೆ ಬೇಡ ಅಂದ, ಯಾಕೆ ಅಂತ ಕೇಳಿದರೆ ಈಜು ಬರುವುದಿಲ್ಲ ಅಂದ. ಮಾಸ್ತರು ಬ್ರಿಟಿಷರ ಹೆಸರಿರುವ ಪಾಯಿಂಟೆಲ್ಲ ತೆಗೆಯಿರಿ ಅಂದರು. ತೆಗೆದು ನೋಡಿದರೆ ಉಳಿದದ್ದು ಊಟ, ಶೌಚಾಲಯ, ಸ್ಟ್ರಾಬೆರಿ. ಅದೂ ಸ್ಟ್ರಾಬೆರಿ ಗಂಜಿನಲ್ಲೇ ಡಬ್ಬಿಗೆ ಸಿಗುತ್ತದೆ ಅಂತ ಯಾರೋ ಅಂದರು.

ಪಕ್ಕದಲ್ಲಿ ಜೋಳದ ರೊಟ್ಟಿ ಕೇಂದ್ರ ನಡೆಸುವ ಅಕ್ಕ ಇದ್ದಾರೆ. ಇಷ್ಟು ಹೊತ್ತೂ ರೊಟ್ಟಿ ಬಡಿಯುತ್ತಲೇ ನಮ್ಮ ಮಾತು ಕೇಳುತ್ತಿದ್ದರು ಅಂತ ಕಾಣುತ್ತದೆ. ಕೈಗೆ ಹತ್ತಿದ ಹಿಟ್ಟು ಝಾಡಿಸಿ ಹೊರಗೆ ಬಂದರು.

"ನಮ್ಮ ಸಂಘದ ಹೆಣ್ಣುಮಕ್ಕಳು ಬರುವ ಶನಿವಾರ ರಾತ್ರಿ ಹೊರಟಿದ್ದೀವಿ. ಪುಣೆಯಲ್ಲಿ ಬಸ್ಸು ಹೇಳಿ ಆಗಿದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಮ್ಮದೇ. ಐದು ಸೀಟು ಉಳಿದಿವೆ."

"ಎಲ್ಲಿ ಸೀಟು?" ಅಂತ ಸಾಹುಕಾರರು.

"ಹಿಂದಿನ ಸಾಲು."

ಘಾಟ್ ಹತ್ತುವ ಬಸ್ಸಿನ ಹಿಂದಿನ ಸಾಲು! ನಾನು ನಿಂಬೆಹಣ್ಣಿನ ವಿಷಯ ಮತ್ತೆ ತೆಗೆಯುವುದಕ್ಕೆ ಹೋದೆ.

"ಅಕ್ಕಾ, ಎಷ್ಟು ಪಾಯಿಂಟ್ ತೋರಿಸುತ್ತಾರಂತೆ?" ಅಂತ ಮಾಸ್ತರು ಕೇಳಿದರು.

"ಅದು ಗೈಡ್ ಹತ್ತಿರ ಕೇಳ್ರಿ. ನನಗೆ ಈಗ ಬೇಕಾದದ್ದು ನಿಮ್ಮ ಆಧಾರ್ ನಂಬರು, ಅರ್ಧ ದುಡ್ಡು. ಉಳಿದರ್ಧ ಸ್ಟೇಷನ್‌ನಲ್ಲಿ. ಗಾಡಿ ಬರುವುದಕ್ಕೆ ಅರ್ಧ ತಾಸು ಮೊದಲು ಎಲ್ಲರೂ ಪ್ಲಾಟ್‌ಫಾರ್ಮ್ ಮೇಲೆ ಇರಬೇಕು. ಬರದಿದ್ದವರ ದುಡ್ಡು ವಾಪಸ್ ಇಲ್ಲ."

ಸಾಹುಕಾರರು ಬನಿಯನ್ನಿನ ಒಳಕಿಸೆಗೆ ಕೈ ಹಾಕಿ ನೋಟು ಎಣಿಸತೊಡಗಿದರು. ಎರಡು ಸಲ ಎಣಿಸಿ ಕೊಟ್ಟರು. ರಶೀದ್ ನನ್ನ ಕಡೆ ತಿರುಗಿ, ನನ್ನದೂ ಹಾಕಿಬಿಡು, ಶನಿವಾರ ಕೊಡುತ್ತೇನೆ ಅಂದ.