ಟಿಕೆಟ್ ಒಬ್ಬರದ್ದು, ವಿಮಾನ ಇನ್ನೊಬ್ಬರದ್ದು: ಕೋಡ್‌ಶೇರ್ ಸಂಶಯ ಇದ್ದವರು ಇಲ್ಲಿ ಕೇಳಿ

ಅಡ್ಮಿನ್: ಇವತ್ತು ರಾತ್ರಿ 9ರವರೆಗೆ ನಮ್ಮ ಕಾಸರಗೋಡಿನ ಟಿಕೆಟ್ ಕೌಂಟರಿನವರು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಈವ್ನಿಂಗ್ ಫೋಟೋ ಹಾಕ್ಬೇಡಿ ದಯವಿಟ್ಟು.

ಹೊಸಂಗಡಿಯವ: ನಮಸ್ತೆ ಸರ್. ಟಿಕೆಟಲ್ಲಿ ಫಾರಿನ್ ಕಂಪೆನಿ ಹೆಸರುಂಟು, ಕೆಳಗೆ ಸಣ್ಣಕ್ಷರದಲ್ಲಿ 'ಆಪರೇಟೆಡ್ ಬೈ' ಅಂತ ನಮ್ಮ ಇಂಡಿಯಾದ ಕಂಪೆನಿ. ಮಂಗಳೂರಿನ ಬಜಪೆ ಏರ್‌ಪೋರ್ಟಲ್ಲಿ ಯಾರ ಕೌಂಟರಿಗೆ ಹೋಗುದು? ಏಜೆಂಟ್ ಟೋಪಿ ಹಾಕಿದ್ನಾ?

ಟಿಕೆಟ್ ಕೌಂಟರ್: ನಮಸ್ಕಾರ. ಟೋಪಿ ಅಲ್ಲ, ಕೋಡ್‌ಶೇರ್ ಅಂದ್ರೆ ಅದೇ. ಒಬ್ಬರ ವಿಮಾನದಲ್ಲಿ ಇನ್ನೊಬ್ಬರು ತಮ್ಮ ಫ್ಲೈಟ್ ನಂಬರ್ ಹಾಕಿ ಸೀಟು ಮಾರ್ತಾರೆ. ಚೆಕ್-ಇನ್‌ಗೆ ವಿಮಾನ ಹಾರಿಸುವವರ ಕೌಂಟರಿಗೆ ಹೋಗಿ. ತಾರೀಕು ಬದಲು, ಹೆಸರು ತಿದ್ದುದು, ರೀಫಂಡ್ ಇದೆಲ್ಲ ಟಿಕೆಟ್ ಯಾರದ್ದೋ ಅವರ ಕೆಲಸ. ಯಾರದ್ದು ಅಂತ ಟಿಕೆಟ್ ನಂಬರೇ ಹೇಳ್ತದೆ, 13 ಅಂಕೆಯಲ್ಲಿ ಮೊದಲ 3 ನೋಡಿ: 098 ಇದ್ರೆ ಏರ್ ಇಂಡಿಯಾ, 176 ಎಮಿರೇಟ್ಸ್, 157 ಕತಾರ್, 607 ಎತಿಹಾದ್. ಪಿಎನ್‌ಆರ್ ಅಂದ್ರೆ ಬುಕಿಂಗ್ ನಂಬರ್, 6 ಅಕ್ಷರದ್ದು, ಅದು ಬೇರೆ.

ನೀರ್ಚಾಲಿನವ: ವೆಬ್ ಚೆಕ್-ಇನ್ ಆಗುದಿಲ್ಲ ಸರ್, ಪಿಎನ್‌ಆರ್ ಇನ್ವ್ಯಾಲಿಡ್ ಅಂತ ಬರ್ತದೆ

ಟಿಕೆಟ್ ಕೌಂಟರ್: ವಿಮಾನ ಹಾರಿಸುವ ಕಂಪೆನಿಯ ಪಿಎನ್‌ಆರ್ ಬೇರೆ ಇರ್ತದೆ. ಟಿಕೆಟ್ ಕೊಟ್ಟವರಲ್ಲಿ ಕೇಳಿ ತಗೊಳ್ಳಿ, ವಿಮಾನ ಹಾರಿಸುವವರ ವೆಬ್‌ಸೈಟಲ್ಲಿ ಹಾಕಿ.

ಕುಂಬಳೆ ಅಕ್ಕ: ಅಣ್ಣಾ ಸ್ವಲ್ಪ ಅರ್ಜೆಂಟ್. ಅಮ್ಮ ತಂಗಿಯ ಬಾಣಂತನಕ್ಕೆ ಮ್ಯಾಂಚೆಸ್ಟರಿಗೆ ಹೋಗ್ಲಿಕ್ಕುಂಟು, ಬರುವ ವಾರ. ಮಂಗಳೂರು-ಮುಂಬೈ ಕೋಡ್‌ಶೇರ್, ಅಲ್ಲಿಂದ ಫಾರಿನ್ ಕಂಪೆನಿ, ಎಲ್ಲ ಒಂದೇ ಟಿಕೆಟಲ್ಲಿ, ರಿಟರ್ನೂ ಸೇರಿ. ಈಗ ಮಂಗಳೂರಿನ ಫ್ಲೈಟ್ ಟೈಮ್ ಚೇಂಜ್ ಅಂತ ಮೇಲ್ ಬಂದಿದೆ, ಮುಂಬೈಯಲ್ಲಿ ಇಳಿದು ಬರೀ 55 ನಿಮಿಷಕ್ಕೆ ಮುಂದಿನ ವಿಮಾನ. ಮೇಲಲ್ಲಿ ಅಕ್ಸೆಪ್ಟ್, ಕ್ಯಾನ್ಸಲ್ ಎರಡು ಬಟನ್ ಉಂಟು. ಮಾವ ಹೇಳ್ತಾರೆ, ನೇತ್ರಾವತಿ ರೈಲಲ್ಲಿ ಮುಂಬೈಗೆ ಹೋಗಿ ಅಲ್ಲಿಂದ್ಲೇ ವಿಮಾನ ಹತ್ತಿದ್ರಾಯ್ತು ಅಂತ.

ಟಿಕೆಟ್ ಕೌಂಟರ್: ಅಕ್ಕಾ, ಎರಡೂ ಬಟನ್ ಒತ್ಬೇಡಿ. ರೈಲಿನ ವಿಷಯ ಬಿಟ್ಟೇ ಬಿಡಿ. ಮಂಗಳೂರಿಂದ ಅಮ್ಮ ಹತ್ತದಿದ್ರೆ ಅದು ನೋ-ಶೋ, ಮುಂದಿನ ಎಲ್ಲ ಸೆಕ್ಟರ್ ಸಿಸ್ಟಮೇ ಕ್ಯಾನ್ಸಲ್ ಮಾಡ್ತದೆ, ವಾಪಸ್ ಬರುವುದೂ ಸೇರಿ. ಮುಂಬೈ ಕೌಂಟರಲ್ಲಿ ಪೆಟ್ಟಿಗೆ ಹಿಡ್ಕೊಂಡು ನಿಂತಾಗ ಗೊತ್ತಾಗ್ತದೆ ಬುಕಿಂಗೇ ಇಲ್ಲ ಅಂತ, ಆ ಪ್ರಾಯದವರು ಅಲ್ಲಿ ಯಾರತ್ರ ಜಗಳ ಮಾಡ್ತಾರೆ ಹೇಳಿ. ಅಕ್ಸೆಪ್ಟ್ ಒತ್ತಿದ್ರೆ ಆ 55 ನಿಮಿಷ ನೀವೇ ಒಪ್ಪಿದ ಹಾಗೆ. ಡೊಮೆಸ್ಟಿಕ್ ವಿಮಾನ ಟರ್ಮಿನಲ್ 1ಕ್ಕೆ ಬಂದ್ರಂತೂ ಇಂಟರ್‌ನ್ಯಾಷನಲ್ ಟರ್ಮಿನಲ್ 2ಕ್ಕೆ ರಸ್ತೆಯಲ್ಲಿ ಹೋಗ್ಬೇಕು, ಆಗುವ ಮಾತಲ್ಲ. ಕ್ಯಾನ್ಸಲ್ ಒತ್ತಿದ್ರೆ ನೀವಾಗಿ ಬಿಟ್ಟದ್ದು ಅಂತ ಚಾರ್ಜ್ ಮುರಿದ್ರೂ ಮುರಿದ್ರು. ಮಾಡ್ಬೇಕಾದ್ದು ಇಷ್ಟು: ಟಿಕೆಟ್ ನಂಬರಿನ ಮೊದಲ 3 ಅಂಕೆ ಯಾರದ್ದೋ ಆ ಕಂಪೆನಿಗೇ ಫೋನ್ ಮಾಡಿ, ನಿಮ್ಮ ಕಡೆಯಿಂದ ಟೈಮ್ ಬದಲಾಗಿ ಕನೆಕ್ಷನ್ ತಪ್ತದೆ, ಖರ್ಚಿಲ್ಲದೆ ಇನ್ನೂ ಬೇಗ ಹೊರಡುವ ಫ್ಲೈಟಿಗೆ ಹಾಕಿ ಅಂತ ಕೇಳಿ. ಮಂಗಳೂರಿಂದ ಇಲ್ಲಾಂದ್ರೆ ಕಣ್ಣೂರು, ಬೆಂಗಳೂರು ಯಾವುದಾದ್ರೂ ಅಂತ ನೀವೇ ಬಾಯಿಬಿಟ್ಟು ಹೇಳಿ, ಅವರಾಗಿ ಹೇಳುದಿಲ್ಲ. ಇನ್ನೊಂದು ಮುಖ್ಯ, 'ಆಯ್ತು ಮೇಡಂ ಚೇಂಜ್ ಮಾಡಿದ್ದೇವೆ' ಅಂದ ಕೂಡ್ಲೇ ಫೋನಿಡ್ಬೇಡಿ. ಬುಕಿಂಗ್ ಬದಲಾಗಿ ಟಿಕೆಟ್ ಹಳೇದೇ ಉಳಿಯುವುದುಂಟು, ಎರಡು ಕಂಪೆನಿಯ ಸಿಸ್ಟಮ್ ಇರುವಲ್ಲಿ ಇದೇ ದೊಡ್ಡ ಉಪದ್ರ. ಇ-ಟಿಕೆಟ್ ರಸೀದಿ ಮತ್ತೆ ತರಿಸಿ, ಅದರಲ್ಲಿ ಹೊಸ ಫ್ಲೈಟು ಹೊಸ ಟೈಮು ಇದ್ದು ಎದುರಲ್ಲಿ 'ಓಕೆ' ಅಂತ ಇರ್ಬೇಕು.

ಪೆರ್ಲದ ಮಾಷ್ಟ್ರು: ಅಷ್ಟು ಹೆದರಿಸುವುದು ಬೇಡ. ದುಡ್ಡು ಕೊಟ್ಟ ಸೀಟು, ಹತ್ತುವುದೂ ಬಿಡುವುದೂ ನಮ್ಮಿಷ್ಟ. ನಮ್ಮ ಪರಿಚಯದವರೊಬ್ಬರು ಹಾಗೇ ಹೋಗಿದ್ದಾರೆ.

ಟಿಕೆಟ್ ಕೌಂಟರ್: ಅವರದ್ದು ಎರಡು ಬೇರೆ ಬೇರೆ ಟಿಕೆಟ್ ಇದ್ದಿರ್ಬೇಕು ಮಾಷ್ಟ್ರೇ. ಒಂದೇ ಟಿಕೆಟಲ್ಲಿ ಕೊನೆಯದ್ದು ಬಿಟ್ರೆ ನಡೀಬಹುದು, ಮೊದಲಿನದ್ದು ಬಿಟ್ರೆ ಇಲ್ಲ.

ಉಪ್ಪಳ ಟು ದುಬೈ: ಈ ತಲೆನೋವೇ ಬೇಡ, ಎಲ್ಲರೂ ಕಣ್ಣೂರಿಂದ ಹೋಗಿ

ಹೊಸಂಗಡಿಯವ: ಕಣ್ಣೂರು ಏರ್‌ಪೋರ್ಟ್ ಇರುವ ಮಟ್ಟನ್ನೂರಿಗೆ ಹೋಗುವಷ್ಟರಲ್ಲಿ ನಾನು ಬಜಪೆಗೆ ಹೋಗಿ ಬರ್ತೇನೆ ಮಾರಾಯ

ಉಪ್ಪಳ ಟು ದುಬೈ: ತಲಪಾಡಿಯಲ್ಲಿ ಟೋಲ್ ಕೊಟ್ಟಾ?

ಮುಳ್ಳೇರಿಯದವ: 2018ರಲ್ಲಿ ಓಪನ್ ಆದ ಕಣ್ಣೂರಿಗೆ ಇನ್ನೂ ಫಾರಿನ್ ಕಂಪೆನಿಗೆ ಪರ್ಮಿಶನ್ ಇಲ್ಲ, ದೊಡ್ಡ ಮಾತು

ಉಪ್ಪಳ ಟು ದುಬೈ: ಮಂಗಳೂರಲ್ಲಿ ಯಾವ ಫಾರಿನ್ ವಿಮಾನ ಇಳೀತದೆ ಸ್ವಲ್ಪ ಹೇಳು ನೋಡುವ

ಟಿಕೆಟ್ ಕೌಂಟರ್: ಎರಡು ಕಡೆಯೂ ಅದೇ ಕತೆ, ಅದಕ್ಕೇ ನಮ್ಮೂರಿನವರಿಗೆ ಈ ಕೋಡ್‌ಶೇರ್ ಗೋಳು. ಸಾಕು ಮಾಡಿ.

ಪೆರ್ಲದ ಮಾಷ್ಟ್ರು: (ಫಾರ್ವರ್ಡ್) ಟಿಕೆಟ್ ರದ್ದಾದರೆ ಚಿಂತೆ ಬೇಡ! ಗೂಗಲಿನಲ್ಲಿ ಏರ್‌ಲೈನ್ ಹೆಲ್ಪ್‌ಲೈನ್ ಹುಡುಕಿ ಕರೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡರೆ 10 ನಿಮಿಷದಲ್ಲಿ ಪೂರ್ಣ ಹಣ ಖಾತೆಗೆ. ಎಲ್ಲರಿಗೂ ಕಳುಹಿಸಿ.

ಟಿಕೆಟ್ ಕೌಂಟರ್: ಮಾಷ್ಟ್ರೇ ಇದನ್ನು ಡಿಲೀಟ್ ಮಾಡಿ, ಈಗಲೇ. ಗೂಗಲಲ್ಲಿ ಸಿಗುವ ಎಷ್ಟೋ ನಂಬರ್ ಕಳ್ಳರದ್ದು. ಆ ಆ್ಯಪ್ ಹಾಕಿದ್ರೆ ನಿಮ್ಮ ಮೊಬೈಲ್ ಸ್ಕ್ರೀನ್ ಅವರಿಗೆ ಕಾಣ್ತದೆ, ಓಟಿಪಿ ಸಹಿತ. ನಂಬರ್ ಬೇಕಾದ್ರೆ ಕಂಪೆನಿಯ ಸ್ವಂತ ವೆಬ್‌ಸೈಟಿಂದ ತಗೊಳ್ಳಿ. ಫಾರ್ವರ್ಡ್ ಮಾಡುವ ಮುಂಚೆ ಒಮ್ಮೆ ಓದುವ ಅಭ್ಯಾಸ ಇಟ್ಕೊಂಡ್ರೆ ಒಳ್ಳೇದು.

ಪೆರ್ಲದ ಮಾಷ್ಟ್ರು: ನಾನು 4 ಜನರಿಗೆ ಉಪಕಾರ ಆಗ್ಲಿ ಅಂತ ಹಾಕಿದ್ದು. ಟಿಕೆಟ್ ಮಾರುವವರಿಗೆ ಅದು ಹಿಡಿಸ್ಲಿಕ್ಕಿಲ್ಲ.

ಮುಳ್ಳೇರಿಯದವ: ಏಜೆಂಟರೇ, ಆನ್‌ಲೈನ್ ಪೋರ್ಟಲ್‌ನವರು ರೀಫಂಡ್ ಕೇಳಿದ್ರೆ ಏರ್‌ಲೈನಿಗೆ ತೋರಿಸ್ತಾರೆ, ಏರ್‌ಲೈನಿನವರು ಪೋರ್ಟಲಿಗೆ. ಯಾರನ್ನು ಹಿಡಿಯುದು?

ಟಿಕೆಟ್ ಕೌಂಟರ್: ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿಜಿಸಿಎ ನಿಯಮದಲ್ಲಿ ಏಜೆಂಟ್ ಮೂಲಕ ತಗೊಂಡ ಟಿಕೆಟಿಗೂ ರೀಫಂಡ್ ಹೊಣೆ ಏರ್‌ಲೈನಿನದ್ದೇ. ಲಿಖಿತವಾಗಿ ಮೇಲ್ ಹಾಕಿ, ಉತ್ತರ ಬರದಿದ್ರೆ ಏರ್‌ಸೇವಾ ಅಂತ ಸರ್ಕಾರದ ಪೋರ್ಟಲ್ ಉಂಟು, ಅದರಲ್ಲಿ ದೂರು ಕೊಡಿ. ನಾನ್-ರೀಫಂಡೆಬಲ್ ಆದ್ರೂ ಏರ್‌ಪೋರ್ಟ್ ಯೂಸರ್ ಫೀ, ಸರ್ಕಾರಿ ಟ್ಯಾಕ್ಸ್ ವಾಪಸ್ ಕೊಡ್ಬೇಕು, ಅದನ್ನು ಕೇಳದೆ ಬಿಡ್ಬೇಡಿ.

ಬದಿಯಡ್ಕದವರು: ಅಮ್ಮ ಕೊಪ್ಪರ ಕಟ್ಟಿ ಇಟ್ಟಿದ್ದಾರೆ, ಬ್ಯಾಗಲ್ಲಿ ಹಾಕ್ಬಹುದಾ? ಮತ್ತೆ ಕೋಡ್‌ಶೇರಲ್ಲಿ 15 ಕೆಜಿಯಾ 30 ಕೆಜಿಯಾ?

ಹೊಸಂಗಡಿಯವ: ಕೊಪ್ಪರ ಹಿಡೀತಾರೆ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿತದೆ ಅಂತ 2022ರಿಂದ ಬಂದ್. ಹಪ್ಪಳ ಹಾಕಿ.

ಟಿಕೆಟ್ ಕೌಂಟರ್: ಟಿಕೆಟಲ್ಲಿ ಎಷ್ಟು ಪ್ರಿಂಟ್ ಉಂಟೋ ಅಷ್ಟು. ಪ್ರಿಂಟ್ ಕೈಯಲ್ಲಿಟ್ಕೊಳ್ಳಿ, ಕೌಂಟರಲ್ಲಿ ಡೊಮೆಸ್ಟಿಕ್ ಲೆಕ್ಕ ಹೇಳಿದ್ರೆ ತೋರಿಸಿ.

ಉಪ್ಪಳ ಟು ದುಬೈ: ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಉಂಟು, ಟಿಕೆಟಲ್ಲಿ ಹೇಗೆ ಹಾಕುದು?

ಬದಿಯಡ್ಕದವರು: ವೆಬ್ ಚೆಕ್-ಇನ್ ಆಗ್ತಾ ಇಲ್ಲ ಸರ್, ಪಿಎನ್‌ಆರ್ ತಪ್ಪು ಅಂತ ತೋರಿಸ್ತದೆ

ಟಿಕೆಟ್ ಕೌಂಟರ್: ಮೇಲೆ ಬರೆದಿದ್ದೇನೆ.

ಬದಿಯಡ್ಕದವರು: ಎಲ್ಲಿ ಸರ್?

ಟಿಕೆಟ್ ಕೌಂಟರ್: ಮೇಲೆ.

ಪೆರ್ಲದ ಮಾಷ್ಟ್ರು: ಕೇಳಿದವರಿಗೆ ಎರಡು ಅಕ್ಷರದ ಉತ್ತರ. ಇದಾ ಸೇವೆ?

ಕುಂಬಳೆ ಅಕ್ಕ: ಅಣ್ಣಾ ಫೋನ್ ಸಿಕ್ಕಿತು. ಬೆಳಿಗ್ಗೆಯ ಫ್ಲೈಟಿಗೆ ಹಾಕಿದ್ದಾರಂತೆ, ದುಡ್ಡು ಕೇಳ್ಲಿಲ್ಲ. ಆದ್ರೆ ಮೇಲಲ್ಲಿ ಬಂದ ರಸೀದಿಯಲ್ಲಿ ಹಳೇ ಟೈಮೇ ಉಂಟು.

ಟಿಕೆಟ್ ಕೌಂಟರ್: ಹಾಗಾದ್ರೆ ಟಿಕೆಟ್ ಬದಲಾಗ್ಲಿಲ್ಲ, ಅದನ್ನೇ ನಾನು ಹೇಳಿದ್ದು. ಈಗಲೇ ಮತ್ತೆ ಮಾಡಿ, 'ಟಿಕೆಟ್ ರೀಇಶ್ಯೂ ಆಗಿದೆಯಾ' ಅಂತ ಅದೇ ಶಬ್ದದಲ್ಲಿ ಕೇಳಿ. ಹೊಸ ರಸೀದಿ ಬಂದ್ರೆ ನನಗೆ ಪರ್ಸನಲ್ ಮೆಸೇಜಲ್ಲಿ ಹಾಕಿ, 9 ಗಂಟೆ ಕಳೆದ್ರೂ ನೋಡ್ತೇನೆ. ಇಲ್ಲಿ ಹಾಕ್ಬೇಡಿ, ಪಿಎನ್‌ಆರ್ ಮತ್ತು ಹೆಸರು ಸಿಕ್ಕಿದ್ರೆ ಯಾರು ಬೇಕಾದ್ರೂ ಬುಕಿಂಗ್ ಒಳಗೆ ಕೈಹಾಕ್ಬಹುದು.

ನೀರ್ಚಾಲಿನವ: ಸರ್ ನನ್ನ ಟಿಕೆಟ್ ಫೋಟೋ ಹಾಕಿದ್ದೇನೆ, ಪಿಎನ್‌ಆರ್ ಇದೇ ಅಲ್ವಾ ನೋಡಿ

ಅಡ್ಮಿನ್: ಗ್ರೂಪ್ ಲಾಕ್ ಮಾಡ್ತಾ ಇದ್ದೇನೆ.